ಕಾಡಿಗೆ, ಕ್ರೀಮು, ಶಾಂಪೂ: ರೋಗಾಣು ಸೇರದಂತೆ ಬಳಸುವುದು ಹೇಗೆ, ಸೋಂಕಾದರೆ ಕಡಿಮೆ ಖರ್ಚಿನಲ್ಲಿ ತೋರಿಸುವುದು ಎಲ್ಲಿ

ನನ್ನ ತಂಗಿ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎರಡು ವರ್ಷದ ಹಿಂದೆ ಒಂದು ಸೋಮವಾರ ಬೆಳಗ್ಗೆ ಅವಳ ಎಡಗಣ್ಣು ತೆರೆಯಲೇ ಇಲ್ಲ. ರೆಪ್ಪೆ ಪಿಸುರಿನಿಂದ ಅಂಟಿಕೊಂಡಿತ್ತು. ಎರಡು ದಿನ ಮುಂಚೆ, ಜೊತೆಯಲ್ಲಿ ಕೆಲಸ ಮಾಡುವವಳ ಮದುವೆಗೆ ಹೊರಟಾಗ ನಾಲ್ಕು ಜನ ಒಂದೇ ಕಾಜಲ್ ಕಡ್ಡಿ ಹಚ್ಚಿಕೊಂಡಿದ್ದರು. ಅವರಲ್ಲಿ ಇನ್ನೊಬ್ಬಳಿಗೂ ಹೀಗೇ ಆಯಿತು. ತಂಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತಂದಳು. ಅದರಲ್ಲಿ ಸ್ಟೀರಾಯ್ಡ್ ಇತ್ತು, ಅಂದರೆ ಕೆಂಪು ಇಳಿಸುವ, ಆದರೆ ರೋಗಾಣು ಕೊಲ್ಲದ ಔಷಧಿ. ಒಂದು ದಿನ ಕೆಂಪು ಇಳಿಯಿತು, ಮೂರನೇ ದಿನ ನೋವು ಜಾಸ್ತಿಯಾಯಿತು. ಆಮೇಲೆ ಖಾಸಗಿ ಕ್ಲಿನಿಕ್ಕು. ಕೊನೆಗೆ ಲೆಕ್ಕ ಹಾಕಿದರೆ ನಾಲ್ಕು ದಿನದ ಸಂಬಳ, ಮೇಲೆ 1,300 ರೂಪಾಯಿ ಹೋಗಿತ್ತು. ಇಷ್ಟು ದಿನವೂ ಅವಳ ಬ್ಯಾಗಿನಲ್ಲಿ ನೌಕರರಿಗೆ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆಯ ಇಎಸ್‌ಐ ಕಾರ್ಡ್ ಇತ್ತು.

ನಾನು ಆರು ವರ್ಷ ಕ್ರೀಮು, ಶಾಂಪೂ, ಲಿಪ್‌ಸ್ಟಿಕ್‌ಗಳಲ್ಲಿ ರೋಗಾಣು ಇದೆಯಾ ಎಂದು ನೋಡುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ತಟ್ಟೆಗಳಲ್ಲಿ ಬೆಳೆದ ಚುಕ್ಕೆಗಳನ್ನು ಎಣಿಸುವುದೇ ನನ್ನ ದಿನದ ಕೆಲಸವಾಗಿತ್ತು. ಆದರೂ ಒಡಹುಟ್ಟಿದವಳಿಗೆ ಎರಡು ಮಾತು ಹೇಳಿರಲಿಲ್ಲ. ಕಾಜಲ್ ಹಂಚಿಕೊಳ್ಳಬೇಡ ಅಂತ ಒಂದು. ಕಣ್ಣು ಕೆಂಪಾದರೆ ಮೊದಲು ಮೆಡಿಕಲ್ ಶಾಪಿಗೆ ಹೋಗಬೇಡ ಅಂತ ಇನ್ನೊಂದು. ಆ ಬೇಸರ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ದುಡ್ಡು ಎಣಿಸಿ ಖರ್ಚು ಮಾಡುವ ಮನೆಗಳಿಗಾಗಿ. ದುಬಾರಿ ಸಾಮಾನು ಕೊಳ್ಳಿ ಎಂದು ಇದರಲ್ಲಿ ಎಲ್ಲೂ ಹೇಳುವುದಿಲ್ಲ. ಲ್ಯಾಬಿಗೆ ಬಂದ ದುಬಾರಿ ಕ್ರೀಮುಗಳಲ್ಲಿ ಕೆಟ್ಟವೂ ಇದ್ದವು, ಅಗ್ಗದವುಗಳಲ್ಲಿ ಒಳ್ಳೆಯವೂ ಇದ್ದವು.

ಹೆಜ್ಜೆ 1: ಮನೆಯ ಸಾಮಾನನ್ನು ನೀರಿನ ಲೆಕ್ಕದಲ್ಲಿ ಬೇರೆ ಮಾಡಿ

ಕನ್ನಡಿ ಹತ್ತಿರ, ಬಚ್ಚಲುಮನೆ ಗೂಡಿನಲ್ಲಿ ಇರುವುದನ್ನೆಲ್ಲ ಒಮ್ಮೆ ಹೊರಗೆ ತೆಗೆಯಿರಿ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನೀರು ಇದೆಯಾ?

ರೋಗಾಣು ಬೆಳೆಯಲು ನೀರು ಬೇಕೇ ಬೇಕು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ವ್ಯಾಸಲೀನ್, ಒಣ ಪೌಡರ್, ಒಣ ಕುಂಕುಮ ಇವುಗಳಲ್ಲಿ ನೀರಿಲ್ಲ. ಒದ್ದೆ ಕೈ ತಾಗದಿದ್ದರೆ ಇವು ತಿಂಗಳುಗಟ್ಟಲೆ ಇರುತ್ತವೆ. ಶಾಂಪೂ, ಫೇಸ್ ಕ್ರೀಮು, ಬಾಡಿ ಲೋಷನ್, ದ್ರವದ ಐಲೈನರ್, ರೆಪ್ಪೆಗೂದಲಿಗೆ ಹಚ್ಚುವ ಮಸ್ಕಾರಾ, ರೋಸ್ ವಾಟರ್, ಲೋಳೆಸರದ ಜೆಲ್ ಇವುಗಳಲ್ಲಿ ನೀರಿದೆ. ಇವು ಕೆಡದೆ ಇರುವುದು ಅದರೊಳಗೆ ಹಾಕಿರುವ ಸಂರಕ್ಷಕದಿಂದ. ಲೇಬಲ್ ಮೇಲೆ ಫೀನಾಕ್ಸಿಎಥೆನಾಲ್, ಪ್ಯಾರಬೆನ್, ಸೋಡಿಯಂ ಬೆಂಜೋಯೇಟ್ ಎಂದು ಕಾಣುವುದು ಅದೇ. ಈ ಹೆಸರು ಕಂಡು ಹೆದರಬೇಡಿ. ನೀರಿರುವ ಕ್ರೀಮಿನಲ್ಲಿ ಸಂರಕ್ಷಕ ಇಲ್ಲದಿದ್ದರೆ ಹೆದರಬೇಕು.

ಮೂರನೇ ಗುಂಪು ಕಣ್ಣಿಗೆ ಹಚ್ಚುವುದು. ಕಾಜಲ್, ಐಲೈನರ್, ಮಸ್ಕಾರಾಗಳನ್ನು ನೀರಿರಲಿ ಬಿಡಲಿ ಬೇರೆಯೇ ಇಡಿ. ಚರ್ಮಕ್ಕೆ ಗಟ್ಟಿ ಹೊದಿಕೆ ಇದೆ, ಕಣ್ಣಿಗೆ ಅದಿಲ್ಲ. ಐಎಸ್‌ಒ 17516 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೇ ಲೆಕ್ಕದಲ್ಲಿದೆ. ಸಾಮಾನ್ಯ ಕ್ರೀಮಿನ ಒಂದು ಗ್ರಾಮಿನಲ್ಲಿ 1,000 ಸೂಕ್ಷ್ಮಜೀವಿಗಳವರೆಗೆ ಇರಬಹುದು. ಕಣ್ಣಿನ ಸಾಮಾನು ಮತ್ತು 3 ವರ್ಷದೊಳಗಿನ ಮಕ್ಕಳ ಸಾಮಾನಿನಲ್ಲಿ 100 ದಾಟಬಾರದು. ಈ ನಾಲ್ಕು ರೋಗಾಣುಗಳಂತೂ ಯಾವುದರಲ್ಲೂ ಸಿಗಬಾರದು: ಸ್ಯುಡೊಮೊನಾಸ್, ಸ್ಟ್ಯಾಫಿಲೊಕಾಕಸ್ ಆರಿಯಸ್, ಇ. ಕೋಲೈ, ಕ್ಯಾಂಡಿಡಾ.

ಇವುಗಳಲ್ಲಿ ನನಗೆ ಹೆಚ್ಚು ಭಯ ಸ್ಯುಡೊಮೊನಾಸ್ ಕಂಡರೆ. ಅದಕ್ಕೆ ಊಟವೇ ಬೇಡ ಎನ್ನಬಹುದು, ಬರೀ ನೀರಿನಲ್ಲೂ ಬದುಕುತ್ತದೆ. ನಲ್ಲಿಯ ಬಾಯಿ, ಒದ್ದೆ ಸ್ಪಂಜು, ತಳ ತೊಳೆಯದ ಡ್ರಮ್ಮು ಎಲ್ಲ ಅದರ ಮನೆ. ಕಣ್ಣಿನ ಮೇಲೆ ಸಣ್ಣ ಗೀರು ಇದ್ದಾಗ ಇದು ಒಳಹೊಕ್ಕರೆ ಒಂದೆರಡು ದಿನದಲ್ಲೇ ಕರಿಗುಡ್ಡೆಯ ಮೇಲಿನ ತಿಳಿಪೊರೆಯನ್ನು ಹಾಳು ಮಾಡಬಲ್ಲದು. 1970ರ ದಶಕದಲ್ಲಿ ಅಮೆರಿಕದಲ್ಲಿ ಮಸ್ಕಾರಾ ಬಳಸಿದ ಕೆಲವು ಹೆಂಗಸರ ಕಣ್ಣಿಗೆ ಹೀಗೆಯೇ ಹುಣ್ಣಾಯಿತು. ಮಸ್ಕಾರಾದ ಬ್ರಷ್ ಕಣ್ಣಿಗೆ ಗೀರಿತ್ತು, ಟ್ಯೂಬಿನೊಳಗೆ ಈ ರೋಗಾಣು ಇತ್ತು. ವಿಲ್ಸನ್ ಮತ್ತು ಅಹರ್ನ್ ಎಂಬ ಸಂಶೋಧಕರು 1977ರಲ್ಲಿ ಅದನ್ನು ಬರೆದಿಟ್ಟರು.

ಹೆಜ್ಜೆ 2: ಶಾಂಪೂ ಬಾಟಲಿಗೆ ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ

ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವ ಅಭ್ಯಾಸ ಇದು. ಶಾಂಪೂ ತಳ ಸೇರಿದಾಗ ಅರ್ಧ ಬಾಟಲಿ ನೀರು ಹಾಕಿ ಕುಲುಕಿ ಇನ್ನೊಂದು ವಾರ ಓಡಿಸುತ್ತೇವೆ. ಹ್ಯಾಂಡ್‌ವಾಶ್‌ಗೂ ಹಾಗೆ. ಒಣಗಿದ ಐಲೈನರ್‌ಗೆ ಎರಡು ಹನಿ ನೀರು, ಕೆಲವರು ಎಂಜಲು.

ಇದು ಯಾಕೆ ಬೇಡ ಅಂತ ನಾವು ಲ್ಯಾಬಿನಲ್ಲಿ ಮಾಡುತ್ತಿದ್ದ ಒಂದು ಪರೀಕ್ಷೆಯಿಂದ ಹೇಳುತ್ತೇನೆ. ಹೊಸ ಕ್ರೀಮಿನೊಳಕ್ಕೆ ನಾವೇ ಬೇಕೆಂದು ರೋಗಾಣು ಹಾಕುತ್ತೇವೆ. ಆಮೇಲೆ 7, 14, 28ನೇ ದಿನ ಎಷ್ಟು ಉಳಿದಿವೆ ಎಂದು ಎಣಿಸುತ್ತೇವೆ. ಸಂರಕ್ಷಕ ಸರಿಯಾದ ಪ್ರಮಾಣದಲ್ಲಿದ್ದರೆ ಸಂಖ್ಯೆ ಇಳಿದು ಇಳಿದು ಮಾಯವಾಗುತ್ತದೆ. ಆ ಪ್ರಮಾಣ ಲೆಕ್ಕ ಹಾಕಿ ಹಾಕಿದ್ದು. ನೀವು ಅರ್ಧಕ್ಕರ್ಧ ನೀರು ಬೆರೆಸಿದಾಗ ಸಂರಕ್ಷಕವೂ ಅರ್ಧವಾಗುತ್ತದೆ. ಮೇಲೆ ಡ್ರಮ್ಮಿನ ನೀರಿನ ಜೊತೆ ಹೊಸ ರೋಗಾಣುವೂ ಒಳಗೆ ಹೋಗುತ್ತದೆ.

ಹಾಗಂತ ತಳದ ಶಾಂಪೂ ಎಸೆಯಬೇಕಿಲ್ಲ. ನೀರು ಹಾಕಿ ಕುಲುಕಿದ ದಿನವೇ ಎಲ್ಲರೂ ತಲೆಗೆ ಹಾಕಿ ಮುಗಿಸಿ. ಇಲ್ಲದಿದ್ದರೆ ಬಾಟಲಿಯನ್ನು ರಾತ್ರಿ ತಲೆಕೆಳಗಾಗಿ ನಿಲ್ಲಿಸಿ, ಬೆಳಗ್ಗೆ ಮುಚ್ಚಳದ ಹತ್ತಿರ ಇಳಿದಿರುತ್ತದೆ. ನೀರು ಬೆರೆಸಿ ಉಳಿಸಿ ಇಡುವುದು ಮಾತ್ರ ಬೇಡ.

ಇಲ್ಲೇ ಸ್ಯಾಶೆ ಬಗ್ಗೆ ಹೇಳಿಬಿಡುತ್ತೇನೆ. ಒಂದು ರೂಪಾಯಿ, ಎರಡು ರೂಪಾಯಿ ಶಾಂಪೂ ಪ್ಯಾಕೆಟ್ ಕೊಳ್ಳುವುದಕ್ಕೆ ಎಷ್ಟೋ ಜನ ಸಂಕೋಚ ಪಡುತ್ತಾರೆ. ರೋಗಾಣು ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಪ್ಯಾಕ್ ಇಲ್ಲ. ಹರಿದ ದಿನವೇ ಮುಗಿಯುತ್ತದೆ, ಯಾರ ಬೆರಳೂ ಒಳಗೆ ಹೋಗುವುದಿಲ್ಲ. ಅರ್ಧ ಬಳಸಿ ಮಡಚಿ ಕಿಟಕಿ ಸಂದಿಯಲ್ಲಿ ಸಿಕ್ಕಿಸಿದರೆ ಮಾತ್ರ ಆ ಲಾಭ ಹೋಯಿತು. ಹಾಗೇ ಟ್ಯೂಬು, ಪಂಪು ಇರುವ ಬಾಟಲಿಗಳು ಅಗಲ ಬಾಯಿಯ ಡಬ್ಬಿಗಿಂತ ಮೇಲು. ಡಬ್ಬಿಯೇ ಇದ್ದರೆ ಒಂದು ಚಿಕ್ಕ ಒಣ ಚಮಚ ಇಟ್ಟುಕೊಂಡು ಅದರಲ್ಲಿ ತೆಗೆಯಿರಿ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಸುಮ್ನೆ ಕೂತಿರುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ. ಮೂಗು ಮುಟ್ಟಿದ ಬೆರಳು ಡಬ್ಬಿಗೆ ಹೋದರೆ ಮನೆಯಲ್ಲಿ ಮೊಡವೆ ಗಾಯ ಇರುವ ಇನ್ನೊಬ್ಬರಿಗೆ ಕೀವಾಗಬಹುದು.

ಕ್ರೀಮಿನ ಡಬ್ಬಿಯನ್ನು ಬಚ್ಚಲಿನಲ್ಲಿ ಇಡಬೇಡಿ. ಕೋಣೆಯ ಒಣ ಗೂಡು ಸಾಕು.

ಹೆಜ್ಜೆ 3: ಅಂಗಡಿಯಲ್ಲಿ ಅರ್ಧ ನಿಮಿಷ ಲೇಬಲ್ ನೋಡಿ

ನಮ್ಮ ದೇಶದಲ್ಲಿ ಸೌಂದರ್ಯ ಸಾಮಗ್ರಿಗೆ 1940ರ ಔಷಧ ಮತ್ತು ಸೌಂದರ್ಯ ಸಾಮಗ್ರಿ ಕಾಯ್ದೆ ಇದೆ. ಅದರಡಿ 2020ರ ಸೌಂದರ್ಯ ಸಾಮಗ್ರಿ ನಿಯಮಗಳು ಬಂದಿವೆ. ಇವುಗಳ ಪ್ರಕಾರ ಲೇಬಲ್ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ನಂಬರ್, ತಯಾರಿಕೆಯ ಪರವಾನಗಿ ನಂಬರ್, ಯಾವ ದಿನಾಂಕದೊಳಗೆ ಬಳಸಬೇಕು ಎಂಬುದು ಇರಬೇಕು. ಹೊರದೇಶದ ಸಾಮಾನಾದರೆ ಆಮದು ನೋಂದಣಿ ನಂಬರ್ ಮತ್ತು ತರಿಸಿದವರ ಹೆಸರು, ವಿಳಾಸ ಇರಬೇಕು. ಸಣ್ಣ ಪ್ಯಾಕಿನ ಮೇಲೆ ಏನೇನು ಹಾಕಿದ್ದಾರೆ ಎಂಬ ಪೂರ್ತಿ ಪಟ್ಟಿ ಇಲ್ಲದಿರಬಹುದು, ಅದಕ್ಕೆ ವಿನಾಯಿತಿ ಇದೆ. ಆದರೆ ವಿಳಾಸವೇ ಇಲ್ಲದ ಕ್ರೀಮನ್ನು ಜಾತ್ರೆಯಲ್ಲಾಗಲಿ, ಸಂತೆಯಲ್ಲಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ ಕೊಳ್ಳಬೇಡಿ.

ವಾರದಲ್ಲಿ ಬೆಳ್ಳಗಾಗಿಸುವ ಕ್ರೀಮುಗಳ ಬಗ್ಗೆ ನಾನು ಖಂಡಿತವಾಗಿ ಹೇಳುತ್ತೇನೆ, ಅವು ಬೇಡ. ಇದು ರೋಗಾಣುವಿನ ವಿಷಯ ಅಲ್ಲ, ಪಾದರಸದ ವಿಷಯ. ನಿಯಮದ ಪ್ರಕಾರ ಚರ್ಮದ ಕ್ರೀಮಿಗೆ ಪಾದರಸ ಹಾಕುವಂತಿಲ್ಲ. ತಾನಾಗಿ ಸೇರಿದ್ದರೂ ಹತ್ತು ಲಕ್ಷಕ್ಕೆ ಒಂದು ಭಾಗ ದಾಟಬಾರದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯ 15 ಜನರನ್ನು ನೋಡಿದರು. ಅವರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗುತ್ತದೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರು ಹೇಳುತ್ತಾರೆ?

ಇನ್ನು ಬಿಡಿ ಮಾರಾಟ. ದೊಡ್ಡ ಕ್ಯಾನಿನಿಂದ ಹಳೇ ಬಾಟಲಿಗೆ ತುಂಬಿಕೊಡುವ ಶಾಂಪೂ, ಲಿಕ್ವಿಡ್ ಸೋಪು ಅಗ್ಗ. ಅದಕ್ಕೆ ದಿನಾಂಕವಿಲ್ಲ, ಬ್ಯಾಚ್ ಇಲ್ಲ. ಬಾಟಲಿಯನ್ನು ತೊಳೆದು ಒಣಗಿಸಿದ್ದಾರಾ ಗೊತ್ತಾಗುವುದಿಲ್ಲ. ನೆಲ ಒರೆಸಲು ಆದೀತು. ಮೈಗೆ, ಅದರಲ್ಲೂ ಮಕ್ಕಳಿಗೆ ಬೇಡ. ಸಾದಾ ಸೋಪು ಅದಕ್ಕಿಂತ ಎಷ್ಟೋ ಒಳ್ಳೆಯದು.

ಹೆಜ್ಜೆ 4: ಮನೆಯಲ್ಲಿ ಮಾಡಿದ್ದನ್ನು ಅವತ್ತೇ ಮುಗಿಸಿ

ಕಡಲೆಹಿಟ್ಟು, ಅರಿಶಿನ, ಮೊಸರು, ಲೋಳೆಸರ ಎಲ್ಲ ಒಳ್ಳೆಯದೇ. ಕಲಸಿದ ಮೇಲೆ ಅದು ಅಡುಗೆ ಇದ್ದ ಹಾಗೆ. ಸಂರಕ್ಷಕ ಇಲ್ಲ, ನೀರಿದೆ, ಹಿಟ್ಟಿದೆ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಎಷ್ಟು ಬೇಗ ಹುಳಿ ಬರುತ್ತದೆ ಅಂತ ನಿಮಗೇ ಗೊತ್ತಲ್ವಾ? ಒಣ ಪುಡಿಯನ್ನು ಡಬ್ಬಿಯಲ್ಲಿಡಿ, ಬೇಕಾದಷ್ಟೇ ಕಲಸಿ, ಉಳಿದದ್ದನ್ನು ಚೆಲ್ಲಿ.

ಹರಳೆಣ್ಣೆ ದೀಪದ ಮಸಿಯಿಂದ ಮಾಡುವ ಕಾಡಿಗೆಯಲ್ಲಿ ನೀರಿಲ್ಲ, ಆದ್ದರಿಂದ ಅದರೊಳಗೆ ರೋಗಾಣು ಬೆಳೆಯುವುದು ಕಷ್ಟ. ಆದರೆ ಒಂದೇ ಭರಣಿಗೆ ಮನೆಯವರೆಲ್ಲ ಬೆರಳು ಅದ್ದಿದರೆ ಒಬ್ಬರ ಕಣ್ಣಿನದು ಇನ್ನೊಬ್ಬರಿಗೆ ಹೋಗುತ್ತದೆ. ಆಗ ಭರಣಿ ಬರೀ ದಾರಿ. ನಂದಿಬಟ್ಟಲು ಹೂವಿನ ರಸ ಸೇರಿಸುವವರು ಆ ರಸ ಪೂರ್ತಿ ಒಣಗಿದೆಯಾ ನೋಡಬೇಕು. ಹೊರಗಿನ ಸುರ್ಮಾ, ಅಂದರೆ ಕಣ್ಣಿಗೆ ಹಚ್ಚುವ ಕಪ್ಪು ಪುಡಿ, ಬೇರೆಯೇ ಮಾತು. ಹಲವು ಬಗೆಯ ಸುರ್ಮಾದಲ್ಲಿ ಸೀಸ ಇರುತ್ತದೆ, ಅದು ಮಕ್ಕಳ ಮೆದುಳಿಗೆ ಕೆಟ್ಟದ್ದು.

ಹೆಜ್ಜೆ 5: ಹಂಚಿಕೊಳ್ಳುವ ಜಾಗಗಳನ್ನು ಗುರುತಿಸಿಕೊಳ್ಳಿ

ಸ್ಕೂಲ್ ಡೇ ದಿನ ನೆನಪಿಸಿಕೊಳ್ಳಿ. ಮೂವತ್ತು ಮಕ್ಕಳ ಸಾಲು, ಒಬ್ಬ ಮೇಕಪ್‌ನವರು, ಒಂದು ಸ್ಪಂಜು, ಒಂದು ಲಿಪ್‌ಸ್ಟಿಕ್. ಮೊದಲ ಮಗುವಿನ ತುಟಿ ಪಕ್ಕ ಒಂದು ಕೀವುಗುಳ್ಳೆ ಇದ್ದರೆ ಸಾಕು. ವಾರದೊಳಗೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದ ಹುಣ್ಣು ನಾಲ್ಕೈದು ಮಕ್ಕಳ ಮುಖದಲ್ಲಿ ಕಾಣಬಹುದು. ಕೃಷ್ಣ ಜನ್ಮಾಷ್ಟಮಿ ವೇಷಕ್ಕೂ ಇದೇ ಮಾತು. ಮಗುವಿನ ಬ್ಯಾಗಿನಲ್ಲಿ ಮನೆಯ ಲಿಪ್‌ಸ್ಟಿಕ್ಕು, ಪೌಡರ್, ಸ್ವಲ್ಪ ಹತ್ತಿ ಕಳಿಸಿ. "ಮಿಸ್, ಇವಳಿಗೆ ಇದನ್ನೇ ಹಚ್ಚಿ, ಚರ್ಮ ಸ್ವಲ್ಪ ಸೂಕ್ಷ್ಮ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸ್ಪಂಜಿನ ಬಗ್ಗೆ ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಮಾಡಿದ್ದರು. ಜನ ಬಳಸುತ್ತಿದ್ದ ಮೇಕಪ್ ಸಾಮಾನು ತರಿಸಿ ನೋಡಿದರೆ ಹೆಚ್ಚಿನವುಗಳಲ್ಲಿ ಬ್ಯಾಕ್ಟೀರಿಯಾ ಇದ್ದವು. ಎಲ್ಲಕ್ಕಿಂತ ಗಲೀಜಾಗಿದ್ದದ್ದು ಸ್ಪಂಜು. 93% ಸ್ಪಂಜುಗಳನ್ನು ಒಮ್ಮೆಯೂ ತೊಳೆದಿರಲಿಲ್ಲ. ನಿಮ್ಮ ಸ್ಪಂಜನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಒಣಗದ ಸ್ಪಂಜನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ.

ಬ್ಯೂಟಿ ಪಾರ್ಲರಿನಲ್ಲಿ ಥ್ರೆಡ್ಡಿಂಗ್ ದಾರವನ್ನು ಬಾಯಲ್ಲಿ ಕಚ್ಚಿ ಹಿಡಿಯುತ್ತಾರೆ. ಕುತ್ತಿಗೆಗೆ ದಾರ ಕಟ್ಟಿಕೊಂಡು ಮಾಡಲೂ ಬರುತ್ತದೆ, ಕೇಳಿ ನೋಡಿ. ಹೇರ್ ಕಟಿಂಗ್ ಅಂಗಡಿಯಲ್ಲಿ ಹೊಸ ಬ್ಲೇಡ್ ನಿಮ್ಮ ಎದುರೇ ಬಿಚ್ಚಲಿ. ಹಳೇ ಬ್ಲೇಡಿನಿಂದ ಹೆಪಟೈಟಿಸ್ ಬಿ ಎಂಬ ಲಿವರ್ ಕಾಯಿಲೆ ಕೂಡ ಬರಬಹುದು. ಎಲ್ಲರ ಗಲ್ಲಕ್ಕೂ ಉಜ್ಜುವ ಒಂದೇ ಸ್ಫಟಿಕದ ಕಲ್ಲು ಬೇಡವೆನ್ನಿ.

ಹೆಜ್ಜೆ 6: ಮಗುವಿಗೆ ಏನೂ ಹಚ್ಚದಿರುವುದೇ ಹೆಚ್ಚು

ಇಲ್ಲಿ ಅತ್ತೆ, ಅಜ್ಜಿಯರ ಮಾತು ಮೀರುವುದು ಕಷ್ಟ, ಗೊತ್ತು. ಆದರೂ ಮೂರು ವಿಷಯದಲ್ಲಿ ಗಟ್ಟಿಯಾಗಿರಿ.

ಹುಟ್ಟಿದ ಮಗುವಿನ ಕಣ್ಣಿಗೆ ಕಾಡಿಗೆ ಬೇಡ. ಬೆರಳಿನ ರೋಗಾಣು ಕಣ್ಣಿಗೆ ಹೋಗುತ್ತದೆ, ಕಣ್ಣೀರಿನ ಸಣ್ಣ ನಾಳ ಕಟ್ಟಿಕೊಳ್ಳಬಹುದು. ಅಜ್ಜಿಗೆ ದೃಷ್ಟಿಯ ಚಿಂತೆ ಇದ್ದರೆ ಬೊಟ್ಟನ್ನು ಪಾದದಡಿ ಇಡಲಿ. ನಮ್ಮ ಅಮ್ಮ ಅದಕ್ಕೆ ಒಪ್ಪಿದರು.

ಹೊಕ್ಕುಳಬಳ್ಳಿಗೆ ಅರಿಶಿನ, ಎಣ್ಣೆ, ಬೂದಿ, ಪೌಡರ್ ಯಾವುದೂ ಬೇಡ. ಅದು ಒಣಗಿ ತಾನೇ ಬೀಳಬೇಕು. 1940ರ ದಶಕದಲ್ಲಿ ನ್ಯೂಜಿಲೆಂಡ್‌ನಲ್ಲಿ ಟಾಲ್ಕಂ ಪೌಡರಿನಲ್ಲಿದ್ದ ಧನುರ್ವಾಯು ರೋಗಾಣುವಿನಿಂದ ಎಳೆ ಮಕ್ಕಳು ಸತ್ತಿದ್ದವು. ಆ ಪೌಡರು ಮಣ್ಣಿನಿಂದ ತೆಗೆದ ಖನಿಜ. ಮಣ್ಣಿನಲ್ಲಿ ಆ ರೋಗಾಣುವಿನ ಬೀಜಕಣ ಇರುತ್ತದೆ. ಒಣಗಿದ್ದರೂ ಅದು ಸಾಯುವುದಿಲ್ಲ.

ಮುಖದ ಹತ್ತಿರ ಪೌಡರ್ ಉದುರಿಸುವುದು ಬೇಡ, ಅದು ಉಸಿರಿನೊಳಗೆ ಹೋಗುತ್ತದೆ.

ಹೆಜ್ಜೆ 7: ಯಾವಾಗ ಎಸೆಯಬೇಕು

ವಾಸನೆ ಬದಲಾದರೆ, ನೀರು ಬೇರೆ ಕ್ರೀಮು ಬೇರೆ ಆದರೆ, ಚುಕ್ಕೆ ಕಂಡರೆ, ಟ್ಯೂಬು ಉಬ್ಬಿದರೆ ಎಸೆಯಿರಿ. ಆದರೆ ರೋಗಾಣು ತುಂಬಿದ ಕ್ರೀಮು ನೋಡಲು ಚೆನ್ನಾಗಿಯೇ ಇರುವುದೂ ಉಂಟು, ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ದಿನಾಂಕ ಮುಖ್ಯ. ಕೆಲವು ಪ್ಯಾಕಿನ ಮೇಲೆ ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ ಇರುತ್ತದೆ, ಒಳಗೆ 6ಎಂ, 12ಎಂ ಎಂದು ಬರೆದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಎಂದು ಅರ್ಥ. ತೆರೆದ ದಿನ ಪೆನ್ನಿನಿಂದ ಬರೆದಿಡಿ. ಮಸ್ಕಾರಾ, ದ್ರವದ ಐಲೈನರ್ ಮೂರು ತಿಂಗಳಿಗೆ ಸಾಕು. ಪೆನ್ಸಿಲಿನ ಹಾಗೆ ಚೂಪು ಮಾಡುವ ಕಾಜಲ್ ಉತ್ತಮ, ಪ್ರತಿ ಸಲ ಮೇಲಿನ ಪದರ ಹೋಗುತ್ತದೆ. ಕಣ್ಣು ಬೇನೆ ಬಂದಾಗ ಬಳಸಿದ ಕಾಜಲ್ ಅನ್ನು ದಿನಾಂಕ ನೋಡದೆ ಎಸೆಯಿರಿ.

ಹೆಜ್ಜೆ 8: ತೊಂದರೆ ಶುರುವಾದ ಮೊದಲ ದಿನ

ಹಚ್ಚಿದ್ದನ್ನು ನಿಲ್ಲಿಸಿ, ತಣ್ಣೀರಲ್ಲಿ ತೊಳೆಯಿರಿ. ಕಣ್ಣಿಗಾದರೆ ಕುದಿಸಿ ಆರಿಸಿದ ನೀರು. ತಾಯಿಯ ಹಾಲು, ಜೇನುತುಪ್ಪ, ನೆರೆಮನೆಯ ಡ್ರಾಪ್ಸ್ ಏನೂ ಹಾಕಬೇಡಿ.

ಇಲ್ಲಿ ನಾನು ಕೈಮುಗಿದು ಕೇಳುವುದು ಒಂದೇ. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎನ್ನಬೇಡಿ. ಆ ಟ್ಯೂಬಿನಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಹೆಸರುಗಳನ್ನು ಗುರುತಿಟ್ಟುಕೊಳ್ಳಿ: ಬೀಟಾಮೆಥಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್. ಕಣ್ಣಿನ ಡ್ರಾಪ್ಸ್‌ನಲ್ಲಾದರೆ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಇಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಅದರ ಜೊತೆ ಹೋರಾಡುವ ನಮ್ಮ ದೇಹದ ಶಕ್ತಿಯನ್ನೇ ಆ ಜಾಗದಲ್ಲಿ ಕಟ್ಟಿಹಾಕುತ್ತದೆ. ಹುಳುಕಡ್ಡಿಗೆ ಇದನ್ನು ಹಚ್ಚಿದವರಿಗೆ ಒಂದು ಉಂಗುರ ಹತ್ತು ಉಂಗುರವಾಗಿದೆ. ನಮ್ಮ ದೇಶದಲ್ಲಿ ಹುಳುಕಡ್ಡಿ ಇವತ್ತು ಸುಲಭಕ್ಕೆ ವಾಸಿಯಾಗದಿರುವುದಕ್ಕೆ ಇದೂ ಒಂದು ಕಾರಣ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಮಾಡಿತು. ಆದರೂ ಸಿಗುತ್ತವೆ. ವೈದ್ಯರೇ ನೋಡಿ ಬರೆದುಕೊಟ್ಟರೆ ಅದು ಬೇರೆ ಮಾತು, ಅವರು ಹೇಳಿದಷ್ಟು ದಿನ ಹಚ್ಚಿ.

ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕಾದ ಗುರುತುಗಳಿವು. ಕಣ್ಣು ನೋಯುವುದು, ಬೆಳಕು ನೋಡಲಾಗದಿರುವುದು, ಮಂಜಾಗುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಚರ್ಮದ ಕೆಂಪು ಹರಡುತ್ತಾ ಹೋಗಿ ಜ್ವರ ಬರುವುದು. ಕಣ್ಣಿನ ಸುತ್ತ ಊದಿಕೊಳ್ಳುವುದು. ಎಳೆ ಮಗುವಿನ ಹೊಕ್ಕುಳ ಸುತ್ತ ಕೆಂಪಾಗುವುದು. ಇವಕ್ಕೆ ನಾಳೆ ಎನ್ನಬೇಡಿ. ಸ್ಟಿಕ್ಕರ್ ಬಿಂದಿ ಇಡುವ ಜಾಗ ಬೆಳ್ಳಗಾದರೆ ಅದು ಸೋಂಕಲ್ಲ, ಅಂಟಿನ ರಾಸಾಯನಿಕದಿಂದ ಆಗುವುದು. ಬಿಂದಿ ನಿಲ್ಲಿಸಿ, ಆ ವಾರದಲ್ಲಿ ಚರ್ಮದ ವೈದ್ಯರಿಗೆ ತೋರಿಸಿ.

ಹೆಜ್ಜೆ 9: ಎಲ್ಲಿಗೆ ಹೋಗುವುದು, ಯಾವ ಕಾರ್ಡ್ ಒಯ್ಯುವುದು

ಮೊದಲು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ, ಇಎಸ್‌ಐ ವ್ಯಾಪ್ತಿಯ ಕಾರ್ಖಾನೆ, ಅಂಗಡಿ, ಸಂಸ್ಥೆಗಳ ನೌಕರರಿಗೆ ಇದು ಹಕ್ಕು. ನಿಮ್ಮ ಸಂಬಳದಿಂದ 0.75% ಹಿಡಿಯುತ್ತಾರೆ, ಮಾಲೀಕರು 3.25% ಕಟ್ಟುತ್ತಾರೆ. ಪೇಸ್ಲಿಪ್ ನೋಡಿ. ಹಿಡಿದಿದ್ದರೆ ಅದು ನೀವು ಆಗಲೇ ಕೊಟ್ಟ ದುಡ್ಡು. ಹತ್ತಿರದ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ವೈದ್ಯರು ನೋಡುತ್ತಾರೆ, ಔಷಧಿ ಉಚಿತ, ಬೇಕಾದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಗಂಡ ಅಥವಾ ಹೆಂಡತಿ, ಮಕ್ಕಳು, ನಿಮ್ಮನ್ನೇ ನೆಚ್ಚಿಕೊಂಡಿರುವ ತಂದೆತಾಯಿಗೂ ಇದು ಸಿಗುತ್ತದೆ. ವೈದ್ಯರು ರಜೆ ಸರ್ಟಿಫಿಕೇಟ್ ಕೊಟ್ಟರೆ, ಸಾಕಷ್ಟು ದಿನ ವಂತಿಗೆ ಕಟ್ಟಿದ್ದವರಿಗೆ ಸಾಮಾನ್ಯವಾಗಿ ಮೊದಲ ಎರಡು ದಿನ ಬಿಟ್ಟು ಉಳಿದ ದಿನಕ್ಕೆ ಸಂಬಳದ 70% ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ತಂಗಿ ಸೋಮವಾರವೇ ಹೋಗಿದ್ದರೆ ಆ 1,300 ರೂಪಾಯಿ ಉಳಿಯುತ್ತಿತ್ತು.

ಇಎಸ್‌ಐ ಇಲ್ಲದವರಿಗೆ ಊರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ನಗರದಲ್ಲಿ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯ. ನಮ್ಮ ಕ್ಲಿನಿಕ್‌ಗಳು ರಾಜ್ಯದಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದವು. ಸಾಮಾನ್ಯವಾಗಿ ಬೆಳಗ್ಗೆ 9ರಿಂದ ಸಂಜೆ 4:30ರವರೆಗೆ ತೆರೆದಿರುತ್ತವೆ. ತಪಾಸಣೆ, ಔಷಧಿ ಎರಡೂ ಉಚಿತ. ಯಾವ ಕಾರ್ಡೂ ಇಲ್ಲದಿದ್ದರೂ ಹೋಗಿ. ಹತ್ತಿರ ಎಲ್ಲಿದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಚರ್ಮದ ವೈದ್ಯರು, ಕಣ್ಣಿನ ವೈದ್ಯರು ಬೇಕಾದಾಗ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನವರಿಗೆ ಕೆ.ಆರ್. ಮಾರುಕಟ್ಟೆ ಹತ್ತಿರ ಮಿಂಟೋ ಕಣ್ಣಿನ ಆಸ್ಪತ್ರೆ, ಪಕ್ಕದಲ್ಲೇ ವಿಕ್ಟೋರಿಯಾ ಇದೆ. ಹೊರರೋಗಿ ಚೀಟಿಗೆ ಹತ್ತಿಪ್ಪತ್ತು ರೂಪಾಯಿ. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಹೊರರೋಗಿ ವಿಭಾಗ ಸಿಗುವುದು ಕಷ್ಟ. ಬಳಸಿದ ಕ್ರೀಮು, ಹಾಕಿದ ಡ್ರಾಪ್ಸ್ ಎರಡನ್ನೂ ಜೊತೆಗೆ ಒಯ್ಯಿರಿ. "ಏನೋ ಬಿಳಿ ಟ್ಯೂಬು" ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಚಿಕಿತ್ಸೆ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ದಾಖಲಾಗುವ ಚಿಕಿತ್ಸೆಗೆ. ಡ್ರಾಪ್ಸ್‌ಗೆ, ಕ್ರೀಮಿಗೆ, ಹೊರಗಿನ ತಪಾಸಣೆಗೆ ಅದನ್ನು ತೋರಿಸಿದರೆ ಆಗುವುದಿಲ್ಲ. ಕಣ್ಣಿನ ಹುಣ್ಣು ಜೋರಾಗಿ ದಾಖಲಾಗಬೇಕಾಗಿ ಬಂದಾಗ ಆ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಚಿಕಿತ್ಸೆಗೆ ಬೇಡ. ಆಧಾರ್, ರೇಷನ್ ಕಾರ್ಡ್ ಕೈಯಲ್ಲಿರಲಿ.

ಹೊರಗೆ ಕೊಳ್ಳಬೇಕಾಗಿ ಬಂದ ಔಷಧಿಗೆ, ಮೂಲ ಹೆಸರಿನ ಔಷಧಿಯನ್ನು ಕಡಿಮೆ ಬೆಲೆಗೆ ಮಾರುವ ಜನೌಷಧಿ ಕೇಂದ್ರ. ಬ್ರ್ಯಾಂಡಿನ ಬದಲು ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಶಾಲೆ, ಅಂಗನವಾಡಿ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ನೋಡುತ್ತದೆ, ಹುಟ್ಟಿನಿಂದ 18 ವರ್ಷದವರೆಗೆ. ಆ ದಿನ ಮಗುವಿನ ಚರ್ಮ ತೋರಿಸಿ. ಎಲ್ಲಿಗೆ ಹೋಗುವುದು ಎಂದೇ ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಕೆಲಸ ಬಿಟ್ಟು ಹೋಗಲಾಗದವರು ಮೊಬೈಲಿನಲ್ಲಿ ಇ-ಸಂಜೀವಿನಿ ಎಂಬ ಸರ್ಕಾರಿ ಆ್ಯಪ್ ಮೂಲಕ ಸರ್ಕಾರಿ ವೈದ್ಯರ ಜೊತೆ ಉಚಿತವಾಗಿ ಮಾತಾಡಬಹುದು. ಚರ್ಮದ ತೊಂದರೆಗೆ ಇದು ಆಗುತ್ತದೆ, ನೋಯುವ ಕಣ್ಣಿಗೆ ಸಾಲದು.

ಹೆಜ್ಜೆ 10: ಸಾಮಾನೇ ಕೆಟ್ಟಿತ್ತು ಅನ್ನಿಸಿದರೆ

ಹೊಸದಾಗಿ ಬಿಚ್ಚಿದ ಕ್ರೀಮಿನಿಂದಲೇ ತೊಂದರೆಯಾದರೆ, ಒಂದೇ ಬ್ಯಾಚಿನಿಂದ ಬೀದಿಯಲ್ಲಿ ಇಬ್ಬರು ಮೂವರಿಗೆ ಆದರೆ ಸುಮ್ಮನಿರಬೇಡಿ. ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳ ಕಚೇರಿಗೆ, ಅಂದರೆ ಡ್ರಗ್ ಇನ್‌ಸ್ಪೆಕ್ಟರ್‌ಗೆ, ಒಂದು ಪುಟದ ದೂರು ಕೊಡಿ. ಏನು ಕೊಂಡಿರಿ, ಯಾವ ಅಂಗಡಿ, ಬ್ಯಾಚ್ ನಂಬರ್, ಯಾವತ್ತು ಹಚ್ಚಿದಿರಿ, ಏನಾಯಿತು ಎಂದು ಬರೆದರೆ ಸಾಕು. 1940ರ ಕಾಯ್ದೆಯ 26ನೇ ಕಲಂ ಪ್ರಕಾರ, ತಾನು ಕೊಂಡ ಸೌಂದರ್ಯ ಸಾಮಗ್ರಿಯನ್ನು ಯಾರು ಬೇಕಾದರೂ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬಹುದು. ವರದಿಯನ್ನು ಸಹಿ ಹಾಕಿ ಕೊಡಬೇಕು. ದುಡ್ಡು ವಾಪಸ್ಸಿನ ಮಾತಿಗೆ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು.

ಇದಕ್ಕೆಲ್ಲ ಆ ಡಬ್ಬಿ ನಿಮ್ಮ ಹತ್ತಿರ ಇರಬೇಕು. ಕೋಪದಲ್ಲಿ ಎಸೆಯಬೇಡಿ, ತೊಳೆಯಬೇಡಿ, ಬೇರೆ ಡಬ್ಬಿಗೆ ಹಾಕಬೇಡಿ. ಮುಚ್ಚಳ ಬಿಗಿ ಮಾಡಿ ಒಣ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬಿಲ್ ಜೊತೆಗಿಟ್ಟು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ನೆರಳಲ್ಲಿಡಿ. ಅದೇ ಬ್ಯಾಚಿನ ಸೀಲ್ ಒಡೆಯದ ಇನ್ನೊಂದು ಸಿಕ್ಕರೆ ಅದನ್ನೂ ಕೊಂಡು, ಬಿಲ್ ಕೇಳಿ ಪಡೆದು, ಹಾಗೇ ಇಡಿ. ನಿಮ್ಮ ಬೆರಳು ತಾಗಿದ ಡಬ್ಬಿಯಲ್ಲಿ ರೋಗಾಣು ಸಿಕ್ಕರೆ ಕಂಪನಿಯವರು ಅದು ನಿಮ್ಮ ಕೈಯದೇ ಎನ್ನಬಹುದು. ಸೀಲ್ ಇರುವುದರಲ್ಲಿ ಸಿಕ್ಕರೆ ಹಾಗೆ ಹೇಳಲು ಬರುವುದಿಲ್ಲ.